ಮಂಜುಗಡ್ಡೆ ಹೊರುತ್ತಿದ್ದ ಹುಡುಗನ ಓಟ

ಹೋದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆ. ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದಿಂದ ಪಶ್ಚಿಮಕ್ಕಿರುವ ಒಂದು ಊರಲ್ಲಿ ಅವಳ ಮನೆ. ನಾನು 31 ವರ್ಷ ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಹೊಸ ಊರಿಗೆ ಹೋದರೆ ದೇವಸ್ಥಾನಕ್ಕಿಂತ ಮೊದಲು ಆಟದ ಮೈದಾನ ಎಲ್ಲಿದೆ ಎಂದು ಕೇಳುವ ಜಾತಿ ನನ್ನದು.

ಹೋದ ಎರಡನೇ ವಾರವೇ ಮೊಮ್ಮಗ ಶಾಲೆಯ ಮೈದಾನದಲ್ಲಿ ಬಿದ್ದು ಮೊಣಕಾಲು ತಿರುಚಿಕೊಂಡ. ಎಂಟನೇ ತರಗತಿಯ ಹುಡುಗ. ಓಟದಲ್ಲಿ ತರಗತಿಗೇ ಮುಂದು. ಮೂಳೆಗೇನೂ ಆಗಿಲ್ಲ, ಆದರೆ ಈ ಸಲದ ಪಂದ್ಯಗಳು ಮುಗಿಯುವ ತನಕ ಓಡುವ ಹಾಗಿಲ್ಲ ಎಂದರು ಡಾಕ್ಟರು. ಅವತ್ತಿನಿಂದ ಹುಡುಗ ಊಟಕ್ಕೂ ಸರಿಯಾಗಿ ಏಳಲಿಲ್ಲ.

"ಇನ್ನು ನಾನು ಟೀಮಲ್ಲಿ ಯಾಕಿರಬೇಕು ತಾತ? ಓಡೋದು ಬಿಟ್ಟು ನನಗೆ ಇನ್ನೇನೂ ಬರಲ್ಲ" ಎಂದ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾರನೇ ದಿನ ಮಗಳ ಜೊತೆ ಊರಿನ ಲೈಬ್ರರಿಗೆ ಹೋಗಿದ್ದೆ. ಅಲ್ಲೊಂದು ಪುಸ್ತಕದಲ್ಲಿ ಹಳೆಯ ಕಪ್ಪು ಬಿಳುಪು ಚಿತ್ರ ಕಂಡಿತು. ಒಬ್ಬ ಯುವಕ ಭುಜದ ಮೇಲೆ ದೊಡ್ಡ ಮಂಜುಗಡ್ಡೆ ಹೊತ್ತು ನಗುತ್ತಾ ನಿಂತಿದ್ದ. ಕೂಲಿಯವನಿರಬೇಕು ಅಂದುಕೊಂಡೆ. ಕೆಳಗೆ ಓದಿದರೆ, ಅವನು ಆ ದೇಶದ ಫುಟ್‌ಬಾಲ್ ಚರಿತ್ರೆಯಲ್ಲೇ ಅತಿ ಹೆಸರುವಾಸಿಯಾದ ಓಟಗಾರರಲ್ಲಿ ಒಬ್ಬ! ಹೆಸರು ಹೆರಾಲ್ಡ್ ಎಡ್ವರ್ಡ್ ಗ್ರೇಂಜ್. ಕೆಂಚು ಕೂದಲಿನವನಾದ್ದರಿಂದ ಎಲ್ಲರಿಗೂ ‘ರೆಡ್’ ಗ್ರೇಂಜ್. ಅವನು ಬೆಳೆದ ವೀಟನ್ ಊರು ಮಗಳ ಮನೆಯಿಂದ ದೂರವೇನಿಲ್ಲ. ಪುಸ್ತಕವನ್ನು ಮನೆಗೆ ತಂದೆ.

ಮಕ್ಕಳೇ, ಮೊಮ್ಮಗನಿಗೆ ಹೇಳಿದ ಆ ಕಥೆಯನ್ನು ನಿಮಗೂ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕೇಳಬಹುದು.

ಇದು ನಮ್ಮ ಫುಟ್‌ಬಾಲ್ ಅಲ್ಲ

ಮೊದಲು ಆಟ ಗೊತ್ತಾಗಬೇಕಲ್ಲ? ಅಮೆರಿಕದವರ ಫುಟ್‌ಬಾಲ್ ಬೇರೆಯೇ. ಚೆಂಡು ಗುಂಡಗಿಲ್ಲ. ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದುದ್ದ, ಎರಡು ತುದಿಯೂ ಚೂಪು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ತಂಡಕ್ಕೆ 11 ಜನ, ಮೈದಾನದ ಉದ್ದ 100 ಗಜ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ‘ಟಚ್‌ಡೌನ್’, 6 ಅಂಕ. ನಾಲ್ಕು ಯತ್ನದೊಳಗೆ ಚೆಂಡು 10 ಗಜ ಮುಂದೆ ಹೋಗದಿದ್ದರೆ ಅದು ಎದುರಾಳಿಯ ಪಾಲು.

ಹೀಗೆ ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದ ಆಟಗಾರನನ್ನು ‘ರನ್ನಿಂಗ್ ಬ್ಯಾಕ್’ ಎನ್ನುತ್ತಾರೆ. ನಮ್ಮ ಕಬಡ್ಡಿಯ ರೈಡರ್ ನೆನಪಿಸಿಕೊಳ್ಳಿ. ರೈಡರ್ ಎದುರಾಳಿಗಳನ್ನು ಮುಟ್ಟಿ ತನ್ನ ಕಡೆಗೆ ವಾಪಸು ಓಡಿಬರಬೇಕು. ಇವನು ವಾಪಸು ಬರುವಂತಿಲ್ಲ, ಹನ್ನೊಂದು ಜನರನ್ನೂ ದಾಟಿ ಆಚೆಗೇ ಹೋಗಬೇಕು.

ಇನ್ನೊಂದು ವಿಷಯ. ಈಗ ಆ ಆಟದಲ್ಲಿ ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು. ಗ್ರೇಂಜ್‌ನ ಕಾಲದಲ್ಲಿ ಹಾಗಿರಲಿಲ್ಲ. ಓಡುವವನೇ ಮರುಗಳಿಗೆ ಎದುರಾಳಿಯ ಓಟಗಾರನನ್ನು ಹಿಡಿಯಲೂ ನಿಲ್ಲಬೇಕಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೊನೆಗೆ ಬೇಕಾಗುತ್ತದೆ.

ವೀಟನ್ನಿನ ಐಸ್ ಹುಡುಗ

ಗ್ರೇಂಜ್ ಹುಟ್ಟಿದ್ದು 1903ರ ಜೂನ್ 13ರಂದು, ಪೆನ್ಸಿಲ್ವೇನಿಯ ರಾಜ್ಯದ ಫೋರ್ಕ್ಸ್‌ವಿಲ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಪ್ಪ ಕಾಡಿನಲ್ಲಿ ಮರ ಕಡಿಸುವ ಮೇಸ್ತ್ರಿ. ಹುಡುಗನಿಗೆ ಐದು ವರ್ಷವಾದಾಗ ತಾಯಿ ತೀರಿಕೊಂಡಳು. ಅಪ್ಪ ಮಕ್ಕಳನ್ನು ಕಟ್ಟಿಕೊಂಡು ಬಂಧುಗಳಿದ್ದ ವೀಟನ್‌ಗೆ ಬಂದ. ಮುಂದೆ ಅಲ್ಲೇ ಪೊಲೀಸ್ ಕೆಲಸ ಹಿಡಿದ. ಹೆಂಗಸರಿಲ್ಲದ ಮನೆ, ಬಡತನ ಬೇರೆ.

ಆಗ ಮನೆಗಳಲ್ಲಿ ಕರೆಂಟಿನ ಫ್ರಿಜ್ ಇರಲಿಲ್ಲ. ಮರದ ಪೆಟ್ಟಿಗೆಯೊಳಗೆ ಮಂಜುಗಡ್ಡೆ ಇಟ್ಟು ಹಾಲು, ಬೆಣ್ಣೆ ಕೆಡದಂತೆ ನೋಡಿಕೊಳ್ಳುತ್ತಿದ್ದರು. ಆ ಗಡ್ಡೆಯನ್ನು ಮನೆ ಮನೆಗೆ ಹಾಕಲು ಆಳುಗಳಿದ್ದರು. ನಮ್ಮ ಊರುಗಳಲ್ಲೂ ಐಸ್ ಫ್ಯಾಕ್ಟರಿಯಿಂದ ಹೊಟ್ಟು ಮೆತ್ತಿದ ಗಡ್ಡೆ ಗೋಣಿಚೀಲದಲ್ಲಿ ಬರುತ್ತಿದ್ದುದು ಅಜ್ಜಂದಿರಿಗೆ ನೆನಪಿರಬಹುದು. ಗ್ರೇಂಜ್ ಹೈಸ್ಕೂಲಿನಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ಆ ಕೆಲಸಕ್ಕೆ ಸೇರಿದ. ಒಂದೊಂದು ಗಡ್ಡೆಯ ತೂಕ 34ರಿಂದ 45 ಕಿಲೋ. ಹೆಚ್ಚು ಕಡಿಮೆ ಒಂದು ಸಿಮೆಂಟ್ ಮೂಟೆ ಅನ್ನಿ. ಅದನ್ನು ಭುಜಕ್ಕೇರಿಸಿ ಮಹಡಿ ಮೆಟ್ಟಿಲು ಹತ್ತಬೇಕು, ಇಳಿಯಬೇಕು, ಇಡೀ ದಿನ. ವಾರಕ್ಕೆ ಮೂವತ್ತೇಳೂವರೆ ಡಾಲರ್ ಕೂಲಿ.

ಒಂದು ಬೇಸಿಗೆಯಲ್ಲಿ ಐಸ್ ಗಾಡಿ ಹತ್ತುವಾಗ ಜಾರಿ ಬಿದ್ದು, ಚಕ್ರ ಅವನ ಎಡಗಾಲಿನ ಮೇಲೆ ಹರಿಯಿತು. ಕಾಲನ್ನೇ ತೆಗೆಯಬೇಕಾದೀತು ಎಂಬಷ್ಟು ಭಯವಿತ್ತು. ಪುಣ್ಯಕ್ಕೆ ಕಾಲು ಉಳಿಯಿತು. ಮತ್ತೆ ಆಟಕ್ಕೂ ಬಂದ, ಐಸ್ ಹೊರಲಿಕ್ಕೂ ಬಂದ. ಹೈಸ್ಕೂಲು ಮುಗಿಸುವಷ್ಟರಲ್ಲಿ 75 ಟಚ್‌ಡೌನ್ ಅವನ ಹೆಸರಿನಲ್ಲಿದ್ದವು.

"ಜಿಮ್ಮಿಗೆ ಹೋಗ್ತಿರಲಿಲ್ವಾ?" ಎಂದು ಕೇಳಿದ ಮೊಮ್ಮಗ.

"ಅವನ ಜಿಮ್ಮೇ ಆ ಮಂಜುಗಡ್ಡೆ ಕಣೋ" ಎಂದೆ.

ಹನ್ನೆರಡು ನಿಮಿಷ, ನಾಲ್ಕು ಓಟ

1922ರಲ್ಲಿ ಗ್ರೇಂಜ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದ. ಫುಟ್‌ಬಾಲಿಗೆ ಬಂದ ದೊಡ್ಡ ದೊಡ್ಡ ಹುಡುಗರನ್ನು ನೋಡಿ ಇದು ತನ್ನ ಕೈಯಲ್ಲಾಗದು ಎಂದು ಹಾಸ್ಟೆಲಿಗೆ ವಾಪಸಾಗಿದ್ದನಂತೆ. ಜೊತೆಯ ಹುಡುಗರು ಬೆದರಿಸಿ ಮತ್ತೆ ಮೈದಾನಕ್ಕೆ ಅಟ್ಟಿದರು. ಅಲ್ಲಿ ಸಿಕ್ಕ ಅಂಗಿಯ ಸಂಖ್ಯೆ 77. ಯಾಕೆ 77 ಎಂದು ಕೇಳಿದವರಿಗೆ ಅವನು ಹೇಳುತ್ತಿದ್ದುದು ಇಷ್ಟೇ: ಸಾಲಿನಲ್ಲಿ ಮುಂದೆ ನಿಂತವನಿಗೆ 76 ಸಿಕ್ಕಿತ್ತು, ಹಿಂದಿದ್ದವನಿಗೆ 78.

1924ರ ಅಕ್ಟೋಬರ್ 18. ವಿಶ್ವವಿದ್ಯಾಲಯದ ಹೊಸ ಸ್ಟೇಡಿಯಂ ಅವತ್ತು ವಿಧ್ಯುಕ್ತವಾಗಿ ಆರಂಭವಾಗಬೇಕು. ಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ ಸ್ಟೇಡಿಯಂ ಅದು. ಬಂದ ಜನ ಸುಮಾರು 67 ಸಾವಿರ. ಎದುರಾಳಿ ಮಿಷಿಗನ್, ಸತತ 20 ಪಂದ್ಯ ಸೋಲು ಕಾಣದ ತಂಡ.

ಆಟ ಶುರುವಾಗಿ ಮಿಷಿಗನ್ನವರು ಒದ್ದ ಮೊದಲ ಚೆಂಡೇ ಗ್ರೇಂಜ್ ಕೈಗೆ ಬಂತು. ಹಿಡಿದವನೇ 95 ಗಜ ಓಡಿ ಟಚ್‌ಡೌನ್ ಮಾಡಿದ. ಆಮೇಲೆ 67 ಗಜದ ಓಟ. ಮತ್ತೆ 56 ಗಜ. ಮತ್ತೆ 44. ಹನ್ನೆರಡು ನಿಮಿಷದೊಳಗೆ ನಾಲ್ಕು ಟಚ್‌ಡೌನ್! ಆಮೇಲೆ ಕೋಚು ಅವನನ್ನು ಹೊರಗೆ ಕರೆದು ಕೂರಿಸಿದರು. ಸುಧಾರಿಸಿಕೊಂಡು ಒಳಗೆ ಬಂದು ಐದನೆಯದನ್ನೂ ಮಾಡಿದ. ಆರನೆಯದಕ್ಕೆ ಚೆಂಡು ಎಸೆದುಕೊಟ್ಟವನೂ ಅವನೇ. ಇಲಿನಾಯ್ 39, ಮಿಷಿಗನ್ 14.

ಅವನು ಓಡುತ್ತಿದ್ದ ರೀತಿಯೇ ಬೇರೆ. ನೇರ ಓಡುವವರು ಬೇಕಾದಷ್ಟು ಜನ ಇದ್ದರು. ಇವನು ಓಡುತ್ತಾ ಓಡುತ್ತಾ ವೇಗ ಕಡಿಮೆ ಮಾಡುವನು. ಹಿಡಿಯುವವನು ಮೈಮೇಲೆ ಬೀಳುವ ಹೊತ್ತಿಗೆ ಸೊಂಟ ತಿರುಗಿಸಿ ಪಕ್ಕಕ್ಕೆ ಜಾರುವನು, ಮತ್ತೆ ವೇಗ ಏರಿಸುವನು. ಹಿಡಿದವನ ಕೈಗೆ ಗಾಳಿ ಸಿಕ್ಕಿದಂತಾಗುತ್ತಿತ್ತು. ಅದಕ್ಕೇ ಪತ್ರಿಕೆಗಳವರು ‘ನಾಗಾಲೋಟದ ಭೂತ’ ಎಂಬ ಅರ್ಥ ಬರುವ ಅಡ್ಡಹೆಸರಿಟ್ಟರು. 1925ರ ಅಕ್ಟೋಬರಿನಲ್ಲಿ ‘ಟೈಮ್’ ವಾರಪತ್ರಿಕೆಯ ಮುಖಪುಟಕ್ಕೂ ಬಂದ. ಇಷ್ಟೆಲ್ಲಾ ಆದರೂ ರಜೆ ಬಂದರೆ ವೀಟನ್ನಿನಲ್ಲಿ ಐಸ್ ಹೊರುವುದನ್ನು ಬಿಡಲಿಲ್ಲ. ಆ ಚಿತ್ರವೇ ನಾನು ಲೈಬ್ರರಿಯಲ್ಲಿ ನೋಡಿದ್ದು.

ದುಡ್ಡಿಗೆ ಆಡುವುದು ತಪ್ಪೇ?

ಈಗ ಕ್ರಿಕೆಟ್ಟಿನಲ್ಲಿ ಕೋಟಿಗಟ್ಟಲೆ ಹರಾಜು ನೋಡುವ ನಿಮಗೆ ಈ ಭಾಗ ವಿಚಿತ್ರ ಅನ್ನಿಸಬಹುದು. ಆಗ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲಿಗೆ ಭಾರಿ ಮರ್ಯಾದೆ. ದುಡ್ಡಿಗಾಗಿ ಆಡುವ ವೃತ್ತಿ ಫುಟ್‌ಬಾಲ್ ಎಂದರೆ ತಿರಸ್ಕಾರ. ವೃತ್ತಿ ತಂಡಗಳ ಸಂಘ ಹುಟ್ಟಿದ್ದು 1920ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಒಂದು ಕಾರು ಮಾರುವ ಅಂಗಡಿಯಲ್ಲಿ. ಕೂರಲು ಸಾಕಷ್ಟು ಕುರ್ಚಿಯಿಲ್ಲದೆ ಕೆಲವರು ಕಾರಿನ ಫುಟ್‌ಬೋರ್ಡಿನ ಮೇಲೆ ಕೂತು ಸಭೆ ಮಾಡಿದ್ದರು. ಇವತ್ತು ಜಗತ್ತಿನ ಅತಿ ಶ್ರೀಮಂತ ಕ್ರೀಡಾ ಸಂಘಗಳಲ್ಲಿ ಒಂದಾದ ಎನ್‌ಎಫ್‌ಎಲ್ ಹುಟ್ಟಿದ್ದು ಹಾಗೆ. ಮೊದಲ ವರ್ಷಗಳಲ್ಲಿ ಪಂದ್ಯಕ್ಕೆ ಕೆಲವು ಸಾವಿರ ಜನ ಬಂದರೆ ಹೆಚ್ಚು. ತಂಡಗಳು ಬರುತ್ತಿದ್ದವು, ಮುಳುಗುತ್ತಿದ್ದವು.

1925ರ ನವೆಂಬರಿನಲ್ಲಿ ಕಾಲೇಜಿನ ಕೊನೆಯ ಪಂದ್ಯ ಆಡಿದ ಮಾರನೇ ದಿನವೇ ಗ್ರೇಂಜ್ ‘ಷಿಕಾಗೋ ಬೇರ್ಸ್’ ತಂಡಕ್ಕೆ ಸಹಿ ಹಾಕಿದ. ಅವನ ವ್ಯವಹಾರ ನೋಡಿಕೊಂಡವನು ಸಿ. ಸಿ. ಪೈಲ್ ಎಂಬ ಸಿನಿಮಾ ಥಿಯೇಟರ್ ಮಾಲೀಕ. ದೊಡ್ಡ ಗದ್ದಲವೇ ಎದ್ದಿತು. ಕಾಲೇಜಿನ ಕೋಚು ಬಾಬ್ ಜುಪ್ಕಿ ಅವರಿಗೆ ತುಂಬಾ ಸಿಟ್ಟು ಬಂತು. ಫುಟ್‌ಬಾಲ್ ಇರುವುದು ದುಡ್ಡಿಗಾಗಿ ಆಡಲಿಕ್ಕಲ್ಲ ಎಂದರು. ನೀವು ಕಲಿಸುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೀರಲ್ಲ, ನಾನು ಆಡುವುದಕ್ಕೆ ತೆಗೆದುಕೊಂಡರೆ ತಪ್ಪೇನು ಎಂದು ಗ್ರೇಂಜ್ ಕೇಳಿದ. ಗುರು ಶಿಷ್ಯರ ನಡುವೆ ಬಹಳ ದಿನ ಮಾತೇ ಇರಲಿಲ್ಲ.

ಮೊಮ್ಮಗ ಇಲ್ಲಿ ನನ್ನನ್ನೇ ನ್ಯಾಯ ಕೇಳಿದ. ನಾನೂ ಸಂಬಳ ತಿಂದ ಮೇಷ್ಟ್ರೇ ತಾನೆ? "ಹುಡುಗ ಕೇಳಿದ್ದು ಸರಿಯಾಗೇ ಇತ್ತು. ಆದರೆ ಗುರುಗಳಿಗೆ ನೋವಾಗಿದ್ದೂ ಸುಳ್ಳಲ್ಲ" ಎಂದೆ.

ನವೆಂಬರ್ 26ರಂದು ಷಿಕಾಗೋದಲ್ಲಿ ಅವನ ಮೊದಲ ವೃತ್ತಿ ಪಂದ್ಯ. ಸುಮಾರು 36 ಸಾವಿರ ಜನ ಬಂದರು. ಒಂದೂ ಅಂಕ ಬರಲಿಲ್ಲ, 0–0 ಸಮ. ಆದರೂ ಬೇಡಿಕೆ ಇಳಿಯಲಿಲ್ಲ. 18 ದಿನದಲ್ಲಿ 10 ಪಂದ್ಯ! ನಮ್ಮೂರ ನಾಟಕ ಕಂಪನಿಗಳ ಹಾಗೆ ಇವತ್ತು ಒಂದೂರು, ನಾಳೆ ಇನ್ನೊಂದೂರು. ಡಿಸೆಂಬರ್ 6ರಂದು ನ್ಯೂಯಾರ್ಕಿನಲ್ಲಿ 65 ಸಾವಿರಕ್ಕೂ ಹೆಚ್ಚು ಜನ ಕಿಕ್ಕಿರಿದರು. ಸಾಲದಲ್ಲಿ ಮುಳುಗುತ್ತಿದ್ದ ‘ನ್ಯೂಯಾರ್ಕ್ ಜಯಂಟ್ಸ್’ ತಂಡ ಆ ಒಂದೇ ದಿನದ ಟಿಕೆಟ್ ಹಣದಿಂದ ಉಸಿರಾಡಿತು. ಆಮೇಲೆ ದಕ್ಷಿಣದ ರಾಜ್ಯಗಳು, ಕ್ಯಾಲಿಫೋರ್ನಿಯ. ಒಟ್ಟು 67 ದಿನದಲ್ಲಿ 19 ಪಂದ್ಯ. ಆಟಗಾರನಿಗೆ ಪಂದ್ಯಕ್ಕೆ ನೂರು ಡಾಲರ್ ಸಿಕ್ಕರೆ ದೊಡ್ಡದು ಎನ್ನುವ ಆ ಕಾಲದಲ್ಲಿ ಗ್ರೇಂಜ್‌ಗೆ ಲಕ್ಷ ಡಾಲರಿಗೂ ಮೀರಿ ಬಂತು.

ಆದರೆ ಮೈ ಎಂಬುದು ಯಂತ್ರವಲ್ಲ. ಪ್ರವಾಸದ ನಡುವೆಯೇ ತೋಳಿಗೆ ಪೆಟ್ಟಾಗಿ ಆಡಲಾರದೆ ಹೋದ. ಹೋದ ತಿಂಗಳು ಹೊತ್ತು ಮೆರೆಸಿದ ಜನವೇ ಕೂಗಿ ಅಣಕಿಸಿದರು. ಒಂದು ಊರಲ್ಲಿ ಟಿಕೆಟ್ಟಿನ ದುಡ್ಡು ವಾಪಸು ಕೇಳಿದರು.

ಒಂದು ಗಳಿಗೆ, ಒಂದು ಮೊಣಕಾಲು

1926ರಲ್ಲಿ ಪೈಲ್ ಮತ್ತು ಗ್ರೇಂಜ್ ಬೇರ್ಸ್ ತಂಡದ ಒಡೆತನದಲ್ಲಿ ಪಾಲು ಕೇಳಿದರು. ಸಿಗಲಿಲ್ಲ. ತಾವೇ ಬೇರೆ ಸಂಘ ಕಟ್ಟಿದರು, ಅದು ಒಂದೇ ವರ್ಷಕ್ಕೆ ಮುಚ್ಚಿತು. ಅವರ ‘ನ್ಯೂಯಾರ್ಕ್ ಯಾಂಕೀಸ್’ ತಂಡ ಮಾತ್ರ ಎನ್‌ಎಫ್‌ಎಲ್ ಸೇರಿಕೊಂಡಿತು.

1927ರ ಅಕ್ಟೋಬರಿನಲ್ಲಿ ಯಾಂಕೀಸ್ ತಂಡ ಬೇರ್ಸ್ ವಿರುದ್ಧ ಆಡಲು ಷಿಕಾಗೋಗೆ ಬಂತು. ಗ್ರೇಂಜ್ ಚೆಂಡಿಗಾಗಿ ಮೇಲೆ ಹಾರಿ ಕೆಳಗಿಳಿಯುವಾಗ ಬೂಟಿನ ಮೊಳೆ ನೆಲದಲ್ಲಿ ಸಿಕ್ಕಿಕೊಂಡಿತು. ಅದೇ ಗಳಿಗೆಯಲ್ಲಿ ಎದುರಾಳಿಯ ಭಾರಿ ಆಳು ಮೈಮೇಲೆ ಬಿದ್ದ. ಕಾಲು ಅಲ್ಲೇ ಉಳಿದು ಮೈ ತಿರುಗಿತು. ಮೊಣಕಾಲಿನ ಒಳಗಿನ ಕಟ್ಟು ಹರಿದಿತ್ತು.

ಇಂದಿನಂತೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ ಆಗ ಇರಲಿಲ್ಲ. 1928ರ ಇಡೀ ವರ್ಷ ಅವನು ಆಡಲಿಲ್ಲ. ವಯಸ್ಸು ಇಪ್ಪತ್ತೈದು. ಓಡುತ್ತಾ ಸೊಂಟ ತಿರುಗಿಸಿ ಪಕ್ಕಕ್ಕೆ ಜಾರುವ ಆ ವಿದ್ಯೆ ಮತ್ತೆಂದೂ ಬರಲಿಲ್ಲ. ಆ ಪೆಟ್ಟಿನ ನಂತರ ತಾನು ಎಲ್ಲರಂತೆ ನೇರ ಓಡುವ ಒಬ್ಬ ಸಾಧಾರಣ ಆಟಗಾರನಾದೆ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ಮೊಮ್ಮಗ ತನ್ನ ಮೊಣಕಾಲಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. "ಆಮೇಲೆ ಬಿಟ್ಟುಬಿಟ್ನಾ?"

ಹಿಡಿಯಲು ಕಲಿತ ಓಟಗಾರ

ಬಿಡಲಿಲ್ಲ. 1929ರಲ್ಲಿ ಬೇರ್ಸ್ ತಂಡದ ಜಾರ್ಜ್ ಹಾಲಸ್ ಅವನನ್ನು ಮತ್ತೆ ಕರೆದರು. ಓಟ ಮೊದಲಿನಂತಿಲ್ಲ. ಆದರೆ ಓಡುವವನು ಯಾವ ಕ್ಷಣದಲ್ಲಿ ಯಾವ ಕಡೆ ಜಾರುತ್ತಾನೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಎನ್ನುವ ಹಾಗೆ. ಗ್ರೇಂಜ್ ರಕ್ಷಣೆಯ ಆಟಕ್ಕೆ ಮನಸ್ಸು ಕೊಟ್ಟ. ಕೆಲವೇ ವರ್ಷಗಳಲ್ಲಿ ತಂಡದ ನೆಚ್ಚಿನ ರಕ್ಷಕನಾದ.

1932ರ ಡಿಸೆಂಬರ್ 18ರ ಪಂದ್ಯ ಕೇಳಿದರೆ ನಗು ಬರುತ್ತದೆ. ಆ ವರ್ಷದ ಗೆಲುವು ತೀರ್ಮಾನವಾಗಬೇಕಾದ ದಿನ. ಷಿಕಾಗೋದಲ್ಲಿ ಹಿಮವೋ ಹಿಮ, ಬಯಲಲ್ಲಿ ಆಡುವಂತಿಲ್ಲ. ಪಂದ್ಯವನ್ನು ಒಳಾಂಗಣಕ್ಕೆ ತಂದರು. ಅಲ್ಲಿ ಸ್ವಲ್ಪ ದಿನದ ಹಿಂದೆ ಸರ್ಕಸ್ ನಡೆದಿತ್ತು. ಪ್ರಾಣಿಗಳು ನಡೆದಾಡಿದ ಮಣ್ಣಿನ ಮೇಲೇ, ಅದರ ವಾಸನೆಯ ನಡುವೆಯೇ ಆಟ. ಜಾಗ ಸಾಲದೆ ಮೈದಾನವನ್ನು 80 ಗಜಕ್ಕೆ ಇಳಿಸಿದ್ದರು. ಕೊನೆಯ ಭಾಗದ ತನಕ ಎರಡೂ ತಂಡಕ್ಕೆ ಒಂದೂ ಅಂಕವಿಲ್ಲ. ಆಗ ಬೇರ್ಸ್ ತಂಡದ ದೈತ್ಯ ಬ್ರಾಂಕೊ ನಗುರ್ಸ್ಕಿ ಚೆಂಡು ಹಿಡಿದು ನುಗ್ಗುವಂತೆ ನಟಿಸಿ, ಥಟ್ಟನೆ ಹಿಂದೆ ಸರಿದು, ಗೆರೆಯಾಚೆ ನಿಂತಿದ್ದ ಗ್ರೇಂಜ್‌ಗೆ ಎಸೆದ. ಟಚ್‌ಡೌನ್! ಬೇರ್ಸ್ 9–0ಯಿಂದ ಗೆದ್ದಿತು. ಆ ಎಸೆತ ನಿಯಮಕ್ಕೆ ವಿರುದ್ಧ ಎಂದು ಎದುರಾಳಿಗಳು ಜಗಳ ತೆಗೆದರು. ಮಾರನೇ ವರ್ಷ ಸಂಘದವರು ನಿಯಮವನ್ನೇ ಸಡಿಲಿಸಿದರು. ಚೆಂಡು ಎಸೆಯುವ ಈಗಿನ ಆಟ ಬೆಳೆಯಲು ಅದೊಂದು ಕಾರಣ.

ನನಗೆ ಬಹಳ ಹಿಡಿಸಿದ್ದು 1933ರ ಡಿಸೆಂಬರ್ 17. ಎನ್‌ಎಫ್‌ಎಲ್‌ನಲ್ಲಿ ಎರಡು ವಿಭಾಗಗಳ ವಿಜೇತರ ನಡುವೆ ನಡೆದ ಮೊಟ್ಟಮೊದಲ ಅಂತಿಮ ಪಂದ್ಯ. ಬೇರ್ಸ್ 23, ಜಯಂಟ್ಸ್ 21. ಹೌದು, ಎಂಟು ವರ್ಷದ ಹಿಂದೆ ಗ್ರೇಂಜ್‌ನಿಂದಾಗಿ ಉಸಿರು ಹಿಡಿದ ಅದೇ ಜಯಂಟ್ಸ್. ಕೆಲವೇ ಸೆಕೆಂಡು ಬಾಕಿ. ಜಯಂಟ್ಸ್‌ನ ಬ್ಯಾಡ್‌ಗ್ರೊ ಎಂಬಾತ ದೂರದ ಎಸೆತ ಹಿಡಿದು ಓಡತೊಡಗಿದ. ಪಕ್ಕದಲ್ಲೇ ಅವನ ಜೊತೆಗಾರನೂ ಓಡುತ್ತಿದ್ದ. ಇಬ್ಬರಿಗೂ ಗೆರೆಗೂ ನಡುವೆ ನಿಂತಿದ್ದವನು ಗ್ರೇಂಜ್ ಒಬ್ಬನೇ.

ಸಾಮಾನ್ಯವಾಗಿ ಓಡುವವನನ್ನು ಕೆಡವಲು ಕಾಲಿಗೇ ಕೈ ಹಾಕುತ್ತಾರೆ. ಹಾಗೆ ಮಾಡಿದ್ದರೆ ಏನಾಗುತ್ತಿತ್ತು? ಬೀಳುವ ಮೊದಲೇ ಅವನು ಚೆಂಡನ್ನು ಪಕ್ಕದವನಿಗೆ ದಾಟಿಸುತ್ತಿದ್ದ. ಪಕ್ಕದವನು ಸಲೀಸಾಗಿ ಗೆರೆ ದಾಟುತ್ತಿದ್ದ. ಗ್ರೇಂಜ್ ಕಾಲಿಗೆ ಕೈ ಹಾಕಲಿಲ್ಲ. ಎದೆಯ ಮಟ್ಟಕ್ಕೆ ನುಗ್ಗಿ, ಚೆಂಡು ಸಮೇತ ಎರಡೂ ತೋಳುಗಳನ್ನು ಬಿಗಿಯಾಗಿ ಅಪ್ಪಿಕೊಂಡುಬಿಟ್ಟ. ಚೆಂಡು ಅಲ್ಲಾಡಲಿಲ್ಲ. ಆಟ ಮುಗಿಯಿತು, ಬೇರ್ಸ್ ಗೆದ್ದಿತು.

ನಾನು ಪುಸ್ತಕ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತೆ. ನಾನೂ ಹುಡುಗನಾಗಿದ್ದಾಗ ತಾಲ್ಲೂಕು ತಂಡದ ಕಬಡ್ಡಿ ರೈಡರ್. ಮೊಣಕಾಲು ಹೋದ ಮೇಲೆ ನಮ್ಮ ಮೇಷ್ಟ್ರು ನನ್ನನ್ನು ಮೂಲೆಯಲ್ಲಿ ಹಿಡಿಯಲು ನಿಲ್ಲಿಸಿದರು. ಮೊದಲ ದಿನ ಅವಮಾನದಿಂದ ಅತ್ತಿದ್ದೆ. ಹಿಡಿಯುವುದನ್ನು ಅವತ್ತು ಕಲಿಯದೆ ಹೋಗಿದ್ದರೆ ನಾನು ಡ್ರಿಲ್ ಮೇಷ್ಟ್ರಾಗುತ್ತಲೇ ಇರಲಿಲ್ಲ. ಇದನ್ನು ಮೊಮ್ಮಗನಿಗೆ ಅವತ್ತೇ ಮೊದಲ ಸಲ ಹೇಳಿದ್ದು.

ಕೊನೆಯ ಓಟ

1935ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ಗ್ರೇಂಜ್‌ಗೆ ದಾರಿ ತೆರೆದು ಸಿಕ್ಕಿತು. ಮುಂದೆ ಬರೀ ಬಯಲು. ಓಡಿದ. ಆದರೆ ಹಿಂದಿನಿಂದ ಬಂದ ಭಾರಿ ಮೈಕಟ್ಟಿನ ಆಟಗಾರನೊಬ್ಬ ಅವನನ್ನು ಹಿಡಿದು ಕೆಡವಿದ. ಒಂದು ಕಾಲಕ್ಕೆ ಇಡೀ ದೇಶದಲ್ಲಿ ಯಾರ ಕೈಗೂ ಸಿಗದವನು ಅವನು. ಇನ್ನು ಸಾಕು ಎಂದು ಅವತ್ತೇ ತೀರ್ಮಾನಿಸಿದ. ಗೊಣಗಲಿಲ್ಲ.

ಆಮೇಲೆ ಬೇರ್ಸ್ ತಂಡದಲ್ಲಿ ಸಹಾಯಕ ಕೋಚಾದ, ವಿಮೆಯ ವ್ಯವಹಾರ ಮಾಡಿದ, ರೇಡಿಯೊ ಮತ್ತು ಟೀವಿಯಲ್ಲಿ ವೀಕ್ಷಕ ವಿವರಣೆ ಕೊಟ್ಟ. 1963ರಲ್ಲಿ ವೃತ್ತಿ ಫುಟ್‌ಬಾಲಿನ ಕೀರ್ತಿಭವನ ಕ್ಯಾಂಟನ್ನಿನಲ್ಲಿ ತೆರೆದಾಗ ಮೊದಲು ಆರಿಸಿದ 17 ಜನರಲ್ಲಿ ಅವನೊಬ್ಬ. ತನ್ನ ಓಟದ ಬಗ್ಗೆ ಕೇಳಿದರೆ, ಅದನ್ನು ನನಗೆ ಯಾರೂ ಕಲಿಸಲಿಲ್ಲ, ನಾನೂ ಯಾರಿಗೂ ಕಲಿಸಲಾರೆ, ವಿವರಿಸಲಾಗದ್ದಕ್ಕೆ ಹೊಗಳಿಕೆ ಹೇಗೆ ತೆಗೆದುಕೊಳ್ಳಲಿ ಎನ್ನುತ್ತಿದ್ದ. 1991ರ ಜನವರಿ 28ರಂದು, 87ನೇ ವಯಸ್ಸಿನಲ್ಲಿ, ಫ್ಲೋರಿಡಾದಲ್ಲಿ ತೀರಿಕೊಂಡ. 77ನೇ ಸಂಖ್ಯೆಯ ಅಂಗಿಯನ್ನು ವಿಶ್ವವಿದ್ಯಾಲಯವೂ ಬೇರ್ಸ್ ತಂಡವೂ ಇನ್ನು ಯಾರಿಗೂ ಕೊಡುವುದಿಲ್ಲ.

ಓಟ ಅವನಿಗೆ ದೇವರು ಕೊಟ್ಟದ್ದು. ಹಿಡಿಯುವುದು ಅವನೇ ಕಲಿತದ್ದು. ಕಥೆ ಮುಗಿಸುವಾಗ ನಾನು ಮೊಮ್ಮಗನಿಗೆ ಇಷ್ಟೇ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಎದೆ ಮಟ್ಟಕ್ಕೆ ಹೇಗೆ ಹಿಡೀತಾರೆ ತೋರಿಸು" ಎಂದ. ಹುಡುಗನನ್ನು ಸೋಫಾದ ಮೇಲೆ ಕೂರಿಸಿ, ದಿಂಬನ್ನು ಚೆಂಡಿನ ಹಾಗೆ ಅವನ ಕಂಕುಳಿಗೆ ಕೊಟ್ಟು, ಎರಡೂ ತೋಳು ಸೇರಿಸಿ ಅಪ್ಪಿ ತೋರಿಸಿದೆ. ಅಡುಗೆಮನೆಯಿಂದ ಬಂದ ಮಗಳು ಸೌಟು ಹಿಡಿದು ನಿಂತಳು. "ಅಪ್ಪಾ, ಅವನ ಕಾಲು ನೋಡಿ, ನಿಮ್ಮ ವಯಸ್ಸು ನೋಡಿ!" ಎಂದು ಗದರಿಸಿದಳು.

ಮುಂದಿನ ಶನಿವಾರ ಹುಡುಗ ಕೋಲು ಊರಿಕೊಂಡೇ ಮೈದಾನಕ್ಕೆ ಹೊರಟ. ಆಡಲಿಕ್ಕಲ್ಲ. ಗೆರೆಯ ಪಕ್ಕ ಕೂತು, ಎದುರಾಳಿ ತಂಡದ ಯಾವ ಹುಡುಗ ಯಾವ ಕಡೆ ಜಾರುತ್ತಾನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಕ್ಕೆ. ಪಕ್ಕದಲ್ಲಿ ಒಂದು ಕುರ್ಚಿ ನನಗೂ ಹಾಕಿಸಿದ್ದ.